‘ಯಾಕೋ ಸರಿಯಿಲ್ಲ’ ಎಂಬ ತಿಳಿವಳಿಕೆ

ಒಳರೋಗಿಯಾಗಿ ದಾಖಲಾದವರನ್ನು ವೈದ್ಯರು ನೋಡುವುದು ದಿನಕ್ಕೆ ಒಂದೆರಡು ಸಲ, ರೌಂಡ್ಸ್‌ನ ಹೊತ್ತಿನಲ್ಲಿ, ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ರೋಗಿಯ ಮೈಯಲ್ಲಾಗುವ ಏರಿಳಿತವನ್ನು ಕಾಣುವವರು, ಕಂಡದ್ದು ಗಣನೆಗೆ ಬರುವಂಥದೋ ಅಲ್ಲವೋ ಎಂದು ತೂಗುವವರು, ಸರಿರಾತ್ರಿಯಲ್ಲಿ ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೋ ಇನ್ನರ್ಧ ಗಂಟೆ ಕಾಯಬೇಕೋ ಎಂದು ನಿರ್ಧರಿಸುವವರು ನರ್ಸ್‌ಗಳು. ಇದು ಯಾರೂ ಅಲ್ಲಗಳೆಯದ ಸಂಗತಿಯಾದರೂ, ಇದರಿಂದ ಸಹಜವಾಗಿ ಹೊರಡಬೇಕಾದ ತೀರ್ಮಾನವನ್ನು, ಎಂದರೆ ಶುಶ್ರೂಷೆಗೆ ಅದರದೇ ಆದ ಒಂದು ಜ್ಞಾನವಿದೆ ಮತ್ತು ಆ ಜ್ಞಾನ ಕೈಕೊಟ್ಟರೆ ರೋಗಿಯ ಜೀವಕ್ಕೇ ಸಂಚಕಾರ ಎಂಬುದನ್ನು, ಆಸ್ಪತ್ರೆಗಳಾಗಲಿ ಸಮಾಜವಾಗಲಿ ಮನಸಾರೆ ಒಪ್ಪಿದಂತೆ ಕಾಣುವುದಿಲ್ಲ. ವೈದ್ಯರು ಕೇಸ್ ಶೀಟಿನಲ್ಲಿ ಬರೆದದ್ದನ್ನು ಹೊತ್ತಿಗೆ ಸರಿಯಾಗಿ ನೆರವೇರಿಸುವ ಕೈ, ಅದರ ಜೊತೆಗೆ ಒಂದಿಷ್ಟು ತಾಳ್ಮೆ ಮತ್ತು ಸೇವಾಭಾವ, ಇಷ್ಟಿದ್ದರೆ ನರ್ಸ್ ಎಂಬ ಕಲ್ಪನೆಯೇ ಸಾಮಾನ್ಯವಾಗಿ ನಡೆದುಬಂದಿದೆ. ಹೊಗಳಿಕೆಯೂ ಆ ಕಲ್ಪನೆಯ ಗಡಿ ದಾಟುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12ರಂದು ದೀಪ ಹಚ್ಚಿ ಮಾಡುವ ಭಾಷಣಗಳಲ್ಲಿ ತ್ಯಾಗ, ಮಮತೆ, ಕರುಣೆ ಎಂಬ ಪದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಬುದ್ಧಿ ಎಂಬ ಪದ ಅಪರೂಪ.

ಇಂಗ್ಲಿಷಿನಲ್ಲಿ ‘ಕ್ಲಿನಿಕಲ್ ಜಡ್ಜ್‌ಮೆಂಟ್’ ಎಂದು ಕರೆಯುವುದನ್ನು ಕನ್ನಡದಲ್ಲಿ ‘ಚಿಕಿತ್ಸಾ ವಿವೇಚನೆ’ ಎನ್ನಬಹುದು. ರೋಗಿಯಲ್ಲಿ ಕಂಡ ಲಕ್ಷಣಗಳಿಂದ ಆತನ ಸ್ಥಿತಿಯನ್ನು ಅರಿತು, ಅದು ಯಾವ ಕಡೆಗೆ ಹೊರಳುತ್ತಿದೆ ಎಂದು ಅಂದಾಜಿಸಿ, ಈಗ ಏನು ಮಾಡಬೇಕು, ಏನು ಮಾಡದೆ ಕಾಯಬೇಕು ಎಂದು ತೀರ್ಮಾನಿಸುವ ಸಾಮರ್ಥ್ಯವೇ ಅದು. ವೈದ್ಯರ ರೋಗನಿದಾನ ‘ಇದು ಯಾವ ರೋಗ’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತದೆ. ನರ್ಸ್‌ನ ವಿವೇಚನೆ ‘ಈ ವ್ಯಕ್ತಿ ಎರಡು ಗಂಟೆಯ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ, ಹೀಗೇ ಬಿಟ್ಟರೆ ಇನ್ನೆರಡು ಗಂಟೆಗೆ ಎಲ್ಲಿಗೆ ಮುಟ್ಟುತ್ತಾರೆ’ ಎಂದು ಕೇಳುತ್ತದೆ. ಮೊದಲನೆಯದಕ್ಕೆ ರೋಗದ ಜ್ಞಾನ ಮುಖ್ಯವಾದರೆ ಎರಡನೆಯದಕ್ಕೆ ಅದರ ಜೊತೆಯಲ್ಲಿ ಈ ಒಬ್ಬ ರೋಗಿಯ ಪರಿಚಯವೂ ಬೇಕು.

ಸಂಜೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದ, ಸುಮಾರು 60 ಕಿಲೋ ತೂಕದ, ನಡುವಯಸ್ಸಿನ ಮಹಿಳೆಯೊಬ್ಬರನ್ನು ಇದಕ್ಕೆ ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ರಾತ್ರಿ 10 ಗಂಟೆಗೆ ಅವರ ನಾಡಿ ನಿಮಿಷಕ್ಕೆ 88, ಬಿ.ಪಿ. 124/80, ಉಸಿರಾಟ ನಿಮಿಷಕ್ಕೆ 16, ಮೂತ್ರ ಗಂಟೆಗೆ 60 ಮಿಲಿಲೀಟರ್. ಹನ್ನೆರಡಕ್ಕೆ ನಾಡಿ 104, ಬಿ.ಪಿ. 118/86, ಉಸಿರಾಟ 20, ಮೂತ್ರ 40. ಎರಡು ಗಂಟೆಯ ಹೊತ್ತಿಗೆ ನಾಡಿ 116, ಬಿ.ಪಿ. 112/92, ಉಸಿರಾಟ 22, ಮೂತ್ರ 20. ಜ್ವರವಿಲ್ಲ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 97 ತೋರಿಸುತ್ತಿದೆ, ಹೆಸರು, ಊರು ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ. ಹೊಟ್ಟೆಯೊಳಗಿನ ದ್ರವ ಹೊರಗೆ ಹರಿಯಲೆಂದು ಇಟ್ಟ ಡ್ರೈನ್ ಕೊಳವೆಯ ಚೀಲದಲ್ಲಿ ಹೇಳಿಕೊಳ್ಳುವಷ್ಟು ರಕ್ತವಿಲ್ಲ. ಆದರೆ ಅವರು ಪದೇ ಪದೇ ನೀರು ಕೇಳುತ್ತಾರೆ, ಹೊದಿಕೆಯನ್ನು ಒದ್ದು ಸರಿಸುತ್ತಾರೆ, ಮತ್ತೆ ಎಳೆದುಕೊಳ್ಳುತ್ತಾರೆ, ಮುಟ್ಟಿ ನೋಡಿದರೆ ಪಾದ ತಣ್ಣಗಿದೆ.

ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ಹಿಡಿದರೆ ಪ್ರತಿಯೊಂದಕ್ಕೂ ನಿರಪಾಯದ ಒಂದು ವಿವರಣೆ ಸಿಗುತ್ತದೆ. ನೋವಿಗೆ ನಾಡಿ ಏರುತ್ತದೆ, ಹೆದರಿಕೆಗೆ ಉಸಿರು ಹೆಚ್ಚುತ್ತದೆ, ಬೆಳಗಿನಿಂದ ಬಾಯಿಗೆ ನೀರು ಹಾಕದವರಿಗೆ ಬಾಯಾರಿಕೆ ಸಹಜ, ಹೊಸ ಜಾಗದಲ್ಲಿ ನಿದ್ದೆ ಬಾರದವರು ಹೊರಳಾಡುತ್ತಾರೆ, 112 ಎಂಬ ಬಿ.ಪಿ. ಯಾರನ್ನೂ ಹೆದರಿಸುವ ಅಂಕಿಯಲ್ಲ. ಇವೆಲ್ಲವನ್ನೂ ಒಟ್ಟಿಗೆ, ಅದರಲ್ಲೂ ನಾಲ್ಕು ಗಂಟೆಗಳ ಉದ್ದಕ್ಕೂ ಇಟ್ಟು ನೋಡಿದಾಗ ಬೇರೆಯೇ ಚಿತ್ರ ಮೂಡುತ್ತದೆ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ 15ರಿಂದ 30 ಪ್ರತಿಶತ, ಎಂದರೆ ಮುಕ್ಕಾಲು ಲೀಟರಿನಿಂದ ಒಂದೂವರೆ ಲೀಟರಿನವರೆಗೆ, ಸೋರಿಹೋದರೂ ಬಿ.ಪಿ.ಯ ಮೇಲಿನ ಅಂಕಿ ಹೆಚ್ಚಾಗಿ ಕುಸಿಯುವುದಿಲ್ಲ, ಏಕೆಂದರೆ ಹೃದಯ ಬೇಗ ಬೇಗ ಬಡಿದು, ಕೈಕಾಲಿನ ರಕ್ತನಾಳಗಳು ಬಿಗಿದು, ಇದ್ದ ರಕ್ತವನ್ನು ಮಿದುಳು ಮತ್ತು ಹೃದಯದ ಕಡೆಗೆ ತಿರುಗಿಸುತ್ತವೆ. ನಾಳಗಳು ಬಿಗಿಯುವುದರಿಂದ ಬಿ.ಪಿ.ಯ ಕೆಳಗಿನ ಅಂಕಿ ಏರುತ್ತದೆ. ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಈ ಮಹಿಳೆಯಲ್ಲಿ 44ರಿಂದ 32ಕ್ಕೆ, ಅಲ್ಲಿಂದ 20ಕ್ಕೆ ಕಿರಿದಾದದ್ದು ಈ ಕಾರಣಕ್ಕೆ. ಪಾದ ತಣ್ಣಗಾದದ್ದೂ, ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಂಡು ಮೂತ್ರ ಇಳಿದದ್ದೂ, ಬಾಯಾರಿಕೆಯೂ, ಆ ಚಡಪಡಿಕೆಯೂ ಇದೇ ಸರಪಳಿಯ ಕೊಂಡಿಗಳು. ಇನ್ನು ಡ್ರೈನ್ ಚೀಲ ಖಾಲಿಯಿದೆ ಎಂದರೆ ಒಳಗೆ ರಕ್ತಸ್ರಾವವಿಲ್ಲ ಎಂದು ಅರ್ಥವಲ್ಲ. ಹೆಪ್ಪುಗಟ್ಟಿದ ರಕ್ತ ಕೊಳವೆಯ ಬಾಯಿಯನ್ನೇ ಮುಚ್ಚಿರಬಹುದು. ಬಿ.ಪಿ. ಬಿದ್ದ ಮೇಲೆ ವೈದ್ಯರಿಗೆ ಫೋನ್ ಮಾಡಲು ಯಾರಿಗೂ ತರಬೇತಿ ಬೇಕಿಲ್ಲ. ಬೀಳುವ ಮುಂಚೆ, ಅಂಕಿಗಳೆಲ್ಲ ‘ಪರವಾಗಿಲ್ಲ’ ಎನ್ನುತ್ತಿರುವಾಗ ಮಾಡುವುದಕ್ಕೆ ಬೇಕು.

ಇಂಥ ಹೊತ್ತಿಗೆ ನೆರವಾಗಲೆಂದೇ ಮುನ್ನೆಚ್ಚರಿಕೆಯ ಅಂಕಪಟ್ಟಿಗಳು ಬಂದಿವೆ. ಅವುಗಳಲ್ಲಿ ಹೆಸರಾದದ್ದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ ಪದ್ಧತಿ. ಉಸಿರಾಟ, ಆಮ್ಲಜನಕದ ಮಟ್ಟ, ಬಿ.ಪಿ.ಯ ಮೇಲಿನ ಅಂಕಿ, ನಾಡಿ, ಪ್ರಜ್ಞೆ, ಮೈಬಿಸಿ ಇವು ಸಹಜ ಮಿತಿಯಿಂದ ಎಷ್ಟು ದೂರ ಸರಿದಿವೆ ಎಂಬುದರ ಮೇಲೆ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು, ರೋಗಿಗೆ ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೂ ಅಂಕ ಸೇರಿಸಿ, ಮೊತ್ತ 5 ಮುಟ್ಟಿದರೆ ವೈದ್ಯರು ತುರ್ತಾಗಿ ನೋಡಬೇಕು, 7 ಮುಟ್ಟಿದರೆ ತೀವ್ರ ನಿಗಾ ತಂಡವೇ ಬರಬೇಕು ಎಂದು ಅದು ವಿಧಿಸುತ್ತದೆ. ಮೇಲಿನ ಮಹಿಳೆಗೆ ರಾತ್ರಿ ಎರಡು ಗಂಟೆಯಲ್ಲಿ ಸಿಗುವ ಅಂಕ ಉಸಿರಾಟಕ್ಕೆ 2, ನಾಡಿಗೆ 2, ಉಳಿದವಕ್ಕೆ ಸೊನ್ನೆ, ಒಟ್ಟು 4. ಪದ್ಧತಿಯ ಪ್ರಕಾರ 4 ಎಂದರೆ ಕಡಿಮೆ ಅಪಾಯ. ನಾಲ್ಕರಿಂದ ಆರು ಗಂಟೆಗೊಮ್ಮೆ ನೋಡಿದರೆ ಸಾಕು. ಅವರು ಬಿ.ಪಿ.ಗಾಗಿ ಮೆಟೊಪ್ರೊಲಾಲ್‌ನಂಥ, ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಡಿ 84ನ್ನು ದಾಟದೆಯೂ ಇರಬಹುದು, ಆಗ ಮೊತ್ತ ಬರೀ 2. ಗಂಟೆಗೆ 20 ಮಿಲಿಲೀಟರಿಗೆ ಇಳಿದ ಮೂತ್ರಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ, ಪಾದದ ತಣುಪಿಗೂ ಇಲ್ಲ. ಇಷ್ಟರಿಂದ ಪದ್ಧತಿ ಕೆಟ್ಟದ್ದೆಂದು ಹೇಳಲಾಗದು. ಅನೇಕರ ಜೀವ ಉಳಿಸುವ ಸಾಧನವದು, ಮತ್ತು ಅದನ್ನು ರೂಪಿಸಿದವರೇ ಅಂಕ ಎಷ್ಟೇ ಇರಲಿ, ನೋಡಿಕೊಳ್ಳುವವರಿಗೆ ಆತಂಕವೆನಿಸಿದರೆ ವೈದ್ಯರನ್ನು ಕರೆಯಬೇಕೆಂದು ಅದರ ಜೊತೆಗೇ ಬರೆದಿದ್ದಾರೆ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿದ ಆಸ್ಪತ್ರೆಗಳು ಆ ಒಂದು ವಾಕ್ಯವನ್ನು ಬಿಟ್ಟು ಅಂಟಿಸಿಕೊಂಡರೆ ಅದು ಪಟ್ಟಿಯ ತಪ್ಪಾಗುವುದಿಲ್ಲ.

ಆತಂಕವೆನಿಸುವುದು ಎಂದರೆ ಏನು ಎಂಬುದನ್ನೂ ಬಿಡಿಸಿ ನೋಡಿದವರಿದ್ದಾರೆ. ನೆದರ್ಲೆಂಡ್ಸ್‌ನ ಸಂಶೋಧಕರು ನರ್ಸ್‌ಗಳು ‘ಯಾಕೋ ಈ ರೋಗಿ ಸರಿಯಿಲ್ಲ’ ಎಂದು ಆತಂಕಪಡುವುದನ್ನು ಅಭ್ಯಾಸಮಾಡಿ, ಆ ಅನಿಸಿಕೆಯ ಹಿಂದೆ ಒಂಬತ್ತು ಬಗೆಯ ಗಮನಿಕೆಗಳಿವೆ ಎಂದು ಗುರುತಿಸಿದರು. ಉಸಿರಾಡುವ ಬಗೆಯಲ್ಲಿ, ರಕ್ತಸಂಚಾರದಲ್ಲಿ, ಮೈಬಿಸಿಯಲ್ಲಿ, ಮನಸ್ಸಿನ ಸ್ಥಿತಿಯಲ್ಲಿ ಕಾಣುವ ಬದಲಾವಣೆ, ಚಡಪಡಿಕೆ, ನೋವು, ನಿರೀಕ್ಷಿಸಿದಷ್ಟು ಚೇತರಿಕೆಯಾಗದಿರುವುದು, ‘ನನಗೆ ಯಾಕೋ ಆಗುತ್ತಿಲ್ಲ’ ಎಂದು ರೋಗಿಯೇ ಹೇಳುವುದು, ಇವುಗಳ ಜೊತೆಗೆ ಮಾತಿಗೆ ಪೂರ್ತಿ ಸಿಗದ ನರ್ಸ್‌ನ ಸ್ವಂತ ಗಮನಿಕೆ. ಒಂಬತ್ತರಲ್ಲಿ ಎಂಟನ್ನು ಹೆಸರು ಹಿಡಿದು ಹೇಳಬಹುದು ಎಂದಾದ ಮೇಲೆ, ಇದನ್ನು ‘ಹೆಂಗಸರ ಒಳಮನಸ್ಸು’ ಎಂದೋ ‘ಅಭ್ಯಾಸಬಲ’ ಎಂದೋ ತಳ್ಳಿಹಾಕುವುದು ಸೋಮಾರಿತನವಾಗುತ್ತದೆ.

ಈ ಗಮನಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಮೆರಿಕದ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನಾಲ್ಕು ಹಂತಗಳಲ್ಲಿ ವಿವರಿಸಿದರು. ಮೊದಲು ಕಣ್ಣಿಗೆ ಬೀಳುವುದು, ಆಮೇಲೆ ಅದನ್ನು ಅರ್ಥೈಸುವುದು, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು, ನಡೆದುಕೊಂಡದ್ದನ್ನು ಮತ್ತೆ ತಿರುಗಿ ನೋಡುವುದು. ಇದರಲ್ಲಿ ಮೊದಲನೆಯ ಹಂತವೇ ಅತ್ಯಂತ ಸೂಕ್ಷ್ಮವಾದದ್ದು, ಏಕೆಂದರೆ ಕಣ್ಣಿಗೆ ಬೀಳುವುದು ಕಣ್ಣಿನ ಚುರುಕಿನಿಂದಲ್ಲ, ನಿರೀಕ್ಷೆಯಿಂದ. ಇಂಥ ಶಸ್ತ್ರಚಿಕಿತ್ಸೆಯಾದವರು ಅದಾಗಿ ಎಂಟು ಗಂಟೆಗಳಾದ ಮೇಲೆ ಹೇಗಿರಬೇಕು ಎಂಬ ಚಿತ್ರ ಮನಸ್ಸಿನಲ್ಲಿದ್ದವರಿಗೆ ಮಾತ್ರ ಹಾಗಿಲ್ಲದಿರುವುದು ಕಾಣುತ್ತದೆ. ಹತ್ತು ಗಂಟೆಗೆ ಈ ಮಹಿಳೆ ಮಗಳೊಂದಿಗೆ ನಗುತ್ತಾ ಮಾತನಾಡಿದ್ದನ್ನು ಕಂಡವರಿಗೆ ಎರಡು ಗಂಟೆಯ ಚಡಪಡಿಕೆ ಎದ್ದು ಕಾಣುತ್ತದೆ, ಎರಡು ಗಂಟೆಗೇ ಮೊದಲ ಬಾರಿಗೆ ನೋಡಿದವರಿಗೆ ಇವರು ಸ್ವಭಾವತಃ ಗಾಬರಿಯವರು ಎನಿಸಿಬಿಡಬಹುದು. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಎಂಬ ಹತ್ತು ಹದಿನೈದು ನಿಮಿಷದ ಕೆಲಸಕ್ಕೆ ಬೆಲೆಯಿರುವುದು ಇಲ್ಲಿಯೇ. ನಾಲ್ಕನೆಯ ಹಂತ, ಮಾಡಿದ್ದನ್ನು ತಿರುಗಿ ನೋಡುವುದು, ಬಹುತೇಕ ಆಸ್ಪತ್ರೆಗಳಲ್ಲಿ ನಡೆಯುವುದೇ ಇಲ್ಲ. ಅದಕ್ಕೆ ಡ್ಯೂಟಿಯಲ್ಲಿ ಹೊತ್ತಿಲ್ಲ, ಡ್ಯೂಟಿಯ ನಂತರ ಕಾಲಿನಲ್ಲಿ ಶಕ್ತಿಯಿಲ್ಲ.

ಇದೇ ಸಾಮರ್ಥ್ಯ ವರ್ಷಗಳ ಉದ್ದಕ್ಕೂ ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಪುಸ್ತಕ ಶುಶ್ರೂಷೆಯ ಚಿಂತನೆಯಲ್ಲಿ ದೊಡ್ಡ ತಿರುವು ತಂದಿತು. ವಿಮಾನ ಚಾಲಕರು ಮತ್ತು ಚದುರಂಗದ ಆಟಗಾರರು ಪಳಗುವ ಬಗೆಯನ್ನು ಅಭ್ಯಾಸಮಾಡಿದ್ದ ಡ್ರೈಫಸ್ ಸಹೋದರರ ಮಾದರಿಯನ್ನು ತೆಗೆದುಕೊಂಡು, ಹೊಸಬರಿಂದ ಪರಿಣತರವರೆಗೆ ಐದು ಮೆಟ್ಟಿಲುಗಳನ್ನು ಅವರು ಗುರುತಿಸಿದರು. ಹೊಸಬರು ನಿಯಮವನ್ನು ಹಿಡಿದು ನಡೆಯುತ್ತಾರೆ: ಬಿ.ಪಿ. 90ಕ್ಕಿಂತ ಕೆಳಗಿಳಿದರೆ ತಿಳಿಸಬೇಕು ಎಂದರೆ 92 ಇರುವಾಗ ಸುಮ್ಮನಿರುತ್ತಾರೆ. ನಡುವಿನ ಮೆಟ್ಟಿಲಿನವರು ಯಾವ ರೋಗಿಯನ್ನು ಮೊದಲು ನೋಡಬೇಕು ಎಂದು ಯೋಜನೆ ಹಾಕಿಕೊಳ್ಳಬಲ್ಲರು. ಪರಿಣತರು ಇಡೀ ಸನ್ನಿವೇಶವನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾರೆ, ಹೇಗೆ ಗೊತ್ತಾಯಿತು ಎಂದು ಕೇಳಿದರೆ ಬಿಡಿಸಿ ಹೇಳಲು ತಡವರಿಸುತ್ತಾರೆ. ಬೆನ್ನರ್ ವಾದಕ್ಕೆ ಎದುರಾದ ಟೀಕೆಯೂ ಇಲ್ಲಿಂದಲೇ ಹುಟ್ಟಿತು. ಬಿಡಿಸಿ ಹೇಳಲಾಗದ ಜ್ಞಾನವನ್ನು ಪರೀಕ್ಷಿಸುವುದು ಹೇಗೆ, ಅದು ತಪ್ಪಾದರೆ ತಿದ್ದುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊದಲು ಹೊಳೆದ ಕಾರಣಕ್ಕೇ ಅಂಟಿಕೊಂಡು ಉಳಿದ ಲಕ್ಷಣಗಳನ್ನೆಲ್ಲ ಅದಕ್ಕೇ ಹೊಂದಿಸುವುದು ನುರಿತವರಲ್ಲೂ ಕಾಣುವ ದೋಷ. ಒಂದೇ ವರ್ಷದ ಅನುಭವವನ್ನು ಇಪ್ಪತ್ತು ಸಲ ಪುನರಾವರ್ತಿಸಿದವರೂ ಪ್ರತಿ ವಾರ್ಡಿನಲ್ಲಿ ಇರುತ್ತಾರೆ. ಆದ್ದರಿಂದ ಪರಿಣತರ ಅನಿಸಿಕೆಯನ್ನು ಕೊನೆಯ ತೀರ್ಪೆಂದು ಒಪ್ಪಬೇಕಿಲ್ಲ. ಕೂಡಲೇ ಹೋಗಿ ಪರೀಕ್ಷಿಸಲು ಸಾಕಾಗುವ ಕಾರಣವೆಂದು ಒಪ್ಪಿದರೆ ರೋಗಿಗೆ ಅಷ್ಟೇ ಸಾಕು.

ಬೆನ್ನರ್‌ಗಿಂತ ಆರು ವರ್ಷ ಮೊದಲು, 1978ರಲ್ಲಿ, ಬಾರ್ಬರಾ ಕಾರ್ಪರ್ ಎಂಬುವರು ಶುಶ್ರೂಷೆಯ ಜ್ಞಾನಕ್ಕೆ ನಾಲ್ಕು ಬಗೆಗಳಿವೆ ಎಂದು ವಾದಿಸಿದ್ದರು. ಅಳೆದು ನೋಡಿ ಸಾಬೀತುಪಡಿಸಬಹುದಾದ ವಿಜ್ಞಾನ, ಈ ಗಳಿಗೆಗೆ ಈ ರೋಗಿಗೆ ಒಪ್ಪುವಂತೆ ಮಾಡುವ ಕಲೆ, ತನ್ನನ್ನು ತಾನು ಅರಿತು ಎದುರಿಗಿರುವವರೊಂದಿಗೆ ಬೆರೆಯುವ ವೈಯಕ್ತಿಕ ಅರಿವು, ಮಾಡಬೇಕಾದದ್ದು ಯಾವುದು ಎಂಬ ನೀತಿಯ ತಿಳಿವಳಿಕೆ. ಕುತೂಹಲದ ಸಂಗತಿಯೆಂದರೆ ಚರಕಸಂಹಿತೆಯೂ ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುವಾಗ ಉಪಚಾರಕನಿಗೂ ನಾಲ್ಕು ಗುಣಗಳನ್ನು ಹೇಳುತ್ತದೆ. ಉಪಚಾರವನ್ನು ಬಲ್ಲವನಾಗಿರುವುದು, ಕೈಚಳಕ, ರೋಗಿಯ ಮೇಲಿನ ಅಕ್ಕರೆ, ಶುಚಿತ್ವ. ಎರಡೂ ಪಟ್ಟಿಗಳನ್ನು ಸರಿಸಮ ಹೊಂದಿಸಿ ಎಲ್ಲವೂ ನಮ್ಮಲ್ಲಿತ್ತು ಎಂದು ಬೀಗುವ ಅಗತ್ಯವಿಲ್ಲ, ಅವುಗಳ ಕಾಲವೂ ಉದ್ದೇಶವೂ ಬೇರೆ. ಆದರೆ ಆ ಹಳೆಯ ಪಟ್ಟಿಯಲ್ಲಿ ಮೊದಲು ಬರುವುದು ಬಲ್ಲವನಾಗಿರುವುದು, ಅಕ್ಕರೆ ಮೂರನೆಯದು ಎಂಬುದನ್ನು ಮೇ 12ರ ಭಾಷಣಕಾರರು ಗಮನಿಸಬಹುದು. ‘ಶುಶ್ರೂಷಾ’ ಎಂಬ ಸಂಸ್ಕೃತ ಪದದ ಮೂಲದ ಅರ್ಥವೂ ಕೇಳಬೇಕೆಂಬ ಇಚ್ಛೆ ಎಂದೇ. ಸೇವೆ ಎಂಬ ಅರ್ಥ ಅದರಿಂದ ಬೆಳೆದು ಬಂದದ್ದು.

ಕೇಳುವುದೂ ಕಲಿಯಬೇಕಾದ ವಿದ್ಯೆಯೆಂಬುದನ್ನು ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಟಿಪ್ಪಣಿಗಳ ಪುಸ್ತಕದಲ್ಲಿಯೇ ಎತ್ತಿ ಹೇಳಿದ್ದರು. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದರೆ ಒಬ್ಬರು ಎರಡು ಸಲ ಎಚ್ಚರವಾದದ್ದಕ್ಕೇ ಇಲ್ಲವೆನ್ನುತ್ತಾರೆ, ಇನ್ನೊಬ್ಬರು ಮೂರೇ ಗಂಟೆ ಮಲಗಿದ್ದರೂ ಹೌದೆನ್ನುತ್ತಾರೆ. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಮಾತ್ರ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಕರ್ನಾಟಕದ ವಾರ್ಡುಗಳಲ್ಲಿ ಈ ಮಾತಿಗೆ ಇನ್ನೊಂದು ಆಯಾಮವಿದೆ. ಕನ್ನಡದ ರೋಗಿ ‘ಸಂಕಟ ಆಗ್ತಿದೆ’ ಎಂದಾಗ ಅದು ವಾಕರಿಕೆಯೋ, ಎದೆಯ ಹಿಂಡುವಿಕೆಯೋ, ಉಸಿರು ಸಾಲದಿರುವುದೋ, ಬರಿಯ ಮನಸ್ಸಿನ ಕಳವಳವೋ ಎಂಬುದು ಪದದಿಂದ ಗೊತ್ತಾಗುವುದಿಲ್ಲ, ಮುಖ ಮತ್ತು ಕೈಯ ಚಲನೆಯನ್ನು ನೋಡಿ ಬಿಡಿಸಿ ಕೇಳಬೇಕು. ‘ಎದಿ ಹಿಡದಂಗ ಆಗ್ತದ್ರಿ’ ಎಂಬುದಕ್ಕೆ ತಕ್ಷಣ ಇ.ಸಿ.ಜಿ. ತೆಗೆಯುವ ವಾರ್ಡಿನಲ್ಲಿಯೇ ‘ಗ್ಯಾಸ್ಟ್ರಿಕ್ ಇರಬೇಕು ಸಿಸ್ಟರ್’ ಎಂದು ರೋಗಿಯೇ ಹೇಳಿಬಿಟ್ಟರೆ ಎಲ್ಲರೂ ನಿರಾಳವಾಗುತ್ತಾರೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ, ಬರೀ ಹೊಟ್ಟೆಯ ತೊಳಸು ಮತ್ತು ಸುಸ್ತಾಗಿ ಬರುವುದುಂಟು. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಯಾಗಿ ಹೇಳಿ ಎಂದರೆ ಹಳ್ಳಿಯ ಅಜ್ಜಿ ನಗುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಬೇರೆ ರಾಜ್ಯಗಳಿಂದ ಬಂದು ಇಲ್ಲಿ ಕಲಿತು ದುಡಿಯುವ ನರ್ಸ್‌ಗಳ ಸಂಖ್ಯೆ ದೊಡ್ಡದಾಗಿರುವ ಬೆಂಗಳೂರಿನಂಥ ಊರಿನಲ್ಲಿ ಅವರಿಗೆ ಕನ್ನಡ ಕಲಿಸುವುದನ್ನು ಭಾಷಾಭಿಮಾನದ ಲೆಕ್ಕದಲ್ಲಿ ನೋಡುವುದಕ್ಕಿಂತ ಸ್ಟೆಥಾಸ್ಕೋಪಿನ ಲೆಕ್ಕದಲ್ಲಿ ನೋಡುವುದು ಸರಿ.

ಮಾತೇ ಇಲ್ಲದ ರೋಗಿಯನ್ನು ಕೇಳಿಸಿಕೊಂಡ ಒಂದು ನಿದರ್ಶನ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರ್‌ನಲ್ಲಿ ನಡೆದ ಹಲ್ಲೆಯಿಂದ ಮಿದುಳಿಗೆ ಆಮ್ಲಜನಕ ಸಾಲದೆ ಶಾಶ್ವತವಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಾಲ್ಕು ದಶಕಗಳಿಗೂ ಮೀರಿ ಅದೇ ಆಸ್ಪತ್ರೆಯ ನರ್ಸ್‌ಗಳು, ಒಂದು ತಲೆಮಾರಿನ ನಂತರ ಇನ್ನೊಂದು ತಲೆಮಾರು, ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿಯ ವಿಚಾರಣೆಯಲ್ಲಿ, ಅಷ್ಟು ವರ್ಷ ಮಲಗಿದಲ್ಲೇ ಇದ್ದರೂ ಅವರಿಗೆ ಬೆಡ್ ಸೋರ್, ಎಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಗಿರಲಿಲ್ಲವೆಂದು ಆಸ್ಪತ್ರೆ ತಿಳಿಸಿತು. ಮೂಳೆ ಉಬ್ಬಿದ ಜಾಗಗಳಲ್ಲಿ ಹಾಸಿಗೆಯ ಒತ್ತಡಕ್ಕೆ ಸಣ್ಣ ರಕ್ತನಾಳಗಳು ಮುಚ್ಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಚರ್ಮದಡಿಯ ಮಾಂಸ ಸಾಯತೊಡಗುತ್ತದೆ; ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆವರು ಮತ್ತು ಮೂತ್ರದ ತೇವ ತಗಲದಂತೆ ಒರೆಸಬೇಕು, ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಣ್ಣ ಬದಲಾಗುತ್ತದೆಯೇ ಎಂದು ನೋಡಬೇಕು, ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರುವುದರಿಂದ ಬಿಸಿ ಮತ್ತು ಗಡಸುತನವನ್ನು ಮುಟ್ಟಿ ತಿಳಿಯಬೇಕು. ಇದನ್ನು ಒಂದು ವಾರ ತಪ್ಪದೆ ಮಾಡಿದವರಿಗೆ ನಾಲ್ಕು ದಶಕ ಎಂದರೆ ಏನೆಂದು ತಿಳಿಯುತ್ತದೆ. ಮಲಮೂತ್ರ ವಿಸರ್ಜನೆಯ ಅಗತ್ಯವಾದಾಗ ಅರುಣಾ ಮಾಡುತ್ತಿದ್ದ ಸದ್ದನ್ನು ನರ್ಸ್‌ಗಳು ಗುರುತಿಸಿ ಅವರನ್ನು ಶೌಚಕ್ಕೆ ಕರೆದೊಯ್ಯುತ್ತಿದ್ದರೆಂದೂ ಆಸ್ಪತ್ರೆಯ ಹೇಳಿಕೆಯಲ್ಲಿತ್ತು. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರ ತಂಡ ಅವರದು ಬಹುಮಟ್ಟಿಗೆ ಪ್ರಜ್ಞೆ ಮರಳದ ಸ್ಥಿತಿ ಎಂದೇ ಅಭಿಪ್ರಾಯಪಟ್ಟಿತು. 2011ರ ಮಾರ್ಚ್ 7ರ ತೀರ್ಪು ಆ ಅಭಿಪ್ರಾಯವನ್ನು ಸ್ವೀಕರಿಸಿಯೂ, ಅವರ ಪರವಾಗಿ ಮಾತನಾಡುವ ಹಕ್ಕು ಅರ್ಜಿ ಸಲ್ಲಿಸಿದವರಿಗಿಂತ ಆಸ್ಪತ್ರೆಯ ಸಿಬ್ಬಂದಿಗೆ ಹೆಚ್ಚು ಸಲ್ಲುತ್ತದೆ ಎಂದಿತು.

ಜ್ಞಾನವಿದ್ದರೂ ಅದು ಕೆಲಸಕ್ಕೆ ಬರುವುದಕ್ಕೆ ಕೆಲವು ಅನುಕೂಲಗಳಿರಬೇಕು, ಅವುಗಳಲ್ಲಿ ಮೊದಲನೆಯದು ರೋಗಿಯ ಬಳಿ ನಿಲ್ಲಲು ಹೊತ್ತು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 2 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಲಿಂಡಾ ಏಕನ್ ಮತ್ತು ಸಂಗಡಿಗರು, ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆಲ್ಲ 30 ದಿನಗಳೊಳಗಿನ ಸಾವಿನ ಸಂಭವ ಸುಮಾರು 7 ಪ್ರತಿಶತ ಏರುತ್ತದೆ ಎಂದು 2002ರಲ್ಲಿ ತೋರಿಸಿದರು. ಯುರೋಪಿನ ಒಂಬತ್ತು ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಅಂಕಿಗೆ ಬಂತು. ಜೊತೆಗೆ ಪದವಿ ಪಡೆದ ನರ್ಸ್‌ಗಳ ಪ್ರಮಾಣ 10 ಪ್ರತಿಶತ ಹೆಚ್ಚಿದಲ್ಲಿ ಸಾವಿನ ಸಂಭವ ಅಷ್ಟೇ ತಗ್ಗುವುದನ್ನು ಕಂಡಿತು. ಇದರ ಹಿಂದಿರುವುದು 1992ರಲ್ಲಿ ಜೆಫ್ರಿ ಸಿಲ್ಬರ್ ಮುಂದಿಟ್ಟ, ‘ಪಾರುಮಾಡುವಲ್ಲಿ ಸೋಲು’ ಎನ್ನಬಹುದಾದ ವಿಚಾರ. ಶಸ್ತ್ರಚಿಕಿತ್ಸೆಯ ನಂತರ ತೊಡಕು ಉಂಟಾಗುವುದು ಹೆಚ್ಚಾಗಿ ರೋಗಿಯ ವಯಸ್ಸು ಮತ್ತು ಕಾಯಿಲೆಯನ್ನು ಅವಲಂಬಿಸಿರುತ್ತದೆ, ತೊಡಕು ಉಂಟಾದ ಮೇಲೆ ರೋಗಿ ಉಳಿಯುತ್ತಾನೋ ಇಲ್ಲವೋ ಎಂಬುದು ಆಸ್ಪತ್ರೆಯನ್ನು ಅವಲಂಬಿಸಿರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 2004ರಿಂದ ನರ್ಸ್ ಮತ್ತು ರೋಗಿಗಳ ಅನುಪಾತವನ್ನು ಕಾನೂನಿನಿಂದಲೇ ನಿಗದಿಪಡಿಸಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಇರಬೇಕೆಂದಿದೆ. ರಾತ್ರಿಪಾಳಿಯ ಯಾವುದೇ ದೊಡ್ಡ ಸರ್ಕಾರಿ ಜನರಲ್ ವಾರ್ಡಿಗೆ ಹೋದವರಿಗೆ ವಾಸ್ತವ ಇದರಿಂದ ಎಷ್ಟು ದೂರವಿದೆ ಎಂದು ಹೇಳಬೇಕಾಗಿಲ್ಲ.

ಹೊತ್ತಿಲ್ಲದಿದ್ದಾಗ ಮೊದಲು ಹೋಗುವುದು ಉಸಿರಾಟದ ಎಣಿಕೆ. ನಾಡಿ, ಬಿ.ಪಿ., ಆಮ್ಲಜನಕವನ್ನು ಯಂತ್ರ ತೋರಿಸುತ್ತದೆ. ಉಸಿರನ್ನು ಎಣಿಸಲು ಒಂದು ನಿಮಿಷ ಎದೆಯ ಏರಿಳಿತವನ್ನು ನೋಡುತ್ತಾ ನಿಲ್ಲಬೇಕು. ಹಾಗಾಗಿ ಚಾರ್ಟಿನ ಆ ಸಾಲಿನಲ್ಲಿ ಇಡೀ ವಾರ್ಡಿನ ರೋಗಿಗಳೆಲ್ಲ ಒಂದೇ ತಾಳಕ್ಕೆ 18 ಅಥವಾ 20 ಬಾರಿ ಉಸಿರಾಡುತ್ತಿರುತ್ತಾರೆ. ಇದು ಭಾರತದ್ದಷ್ಟೇ ರೋಗವಲ್ಲ, ಅನೇಕ ದೇಶಗಳಲ್ಲಿ ಕಂಡದ್ದು. ಹದಗೆಡುವ ರೋಗಿಯಲ್ಲಿ ಎಲ್ಲಕ್ಕಿಂತ ಮುಂಚೆ ಬದಲಾಗುವ ಲಕ್ಷಣಗಳಲ್ಲಿ ಉಸಿರಾಟವೂ ಒಂದು ಎಂಬುದನ್ನು ನೆನೆದರೆ ಈ ಒಂದು ಸಾಲಿನ ಸುಳ್ಳಿಗೆ ತೆರುವ ಬೆಲೆ ತಿಳಿಯುತ್ತದೆ. ಯಂತ್ರದ ಮಾತಿಗೂ ಮಿತಿಯಿದೆ. ತಣ್ಣಗಾದ ಬೆರಳಿನಲ್ಲಿ ಆಕ್ಸಿಮೀಟರ್ ತಪ್ಪಬಹುದು, ಇದ್ದಿಲ ಹೊಗೆ ಕುಡಿದವರಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಆಮ್ಲಜನಕವೆಂದೇ ಎಣಿಸಿಬಿಡುತ್ತದೆ, ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ ಎಂಬುದು 2020ರಲ್ಲಿ ಅಮೆರಿಕದ ಅಧ್ಯಯನವೊಂದರಿಂದ ಮತ್ತೆ ಸುದ್ದಿಯಾಯಿತು.

ಇನ್ನೊಂದು ಅನುಕೂಲ, ಕಂಡದ್ದನ್ನು ಹೇಳಲು ಬಾಯಿ. ‘ಸರ್, ಆರನೇ ಬೆಡ್ ಪೇಶೆಂಟ್ ಸ್ವಲ್ಪ ರೆಸ್ಟ್‌ಲೆಸ್ ಇದ್ದಾರೆ’ ಎಂಬಷ್ಟಕ್ಕೆ ನಿಂತರೆ, ಅರೆನಿದ್ದೆಯ ಡ್ಯೂಟಿ ಡಾಕ್ಟರ್ ನೋವಿನ ಇಂಜೆಕ್ಷನ್ ಹೇಳಿ ಫೋನ್ ಇಡುವುದರಲ್ಲಿ ಆಶ್ಚರ್ಯವೇನಿಲ್ಲ; ನೋವು ತಗ್ಗಿ ರೋಗಿ ಸುಮ್ಮನಾದರೆ ರಕ್ತಸ್ರಾವದ ಕೊನೆಯ ಸೂಚನೆಯೂ ಮುಚ್ಚಿಹೋಗುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಾರ್’ ಎಂಬ ಕ್ರಮದಲ್ಲಿ ಮಾತನ್ನು ಸ್ಥಿತಿ, ಹಿನ್ನೆಲೆ, ಅಂದಾಜು, ಬೇಡಿಕೆ ಎಂಬ ನಾಲ್ಕು ಭಾಗಗಳಲ್ಲಿ ಹೇಳಬೇಕಾಗುತ್ತದೆ. ‘ಆರನೇ ಬೆಡ್‌ನವರ ಪಲ್ಸ್ 116, ಯೂರಿನ್ 20ಕ್ಕೆ ಇಳಿದಿದೆ. ಸಂಜೆ ಆಪರೇಶನ್ ಆಗಿದೆ, ಹತ್ತು ಗಂಟೆಗೆ ಪಲ್ಸ್ 88 ಇತ್ತು. ಒಳಗೆ ಬ್ಲೀಡಿಂಗ್ ಇರಬಹುದು ಅನ್ನಿಸುತ್ತಿದೆ. ಈಗಲೇ ಬಂದು ನೋಡಬೇಕು ಸರ್.’ ಈ ನಾಲ್ಕರಲ್ಲಿ ಮೂರನೆಯದನ್ನು ಹೇಳುವುದೇ ಕಷ್ಟ. ರೋಗದ ಬಗ್ಗೆ ಅಭಿಪ್ರಾಯ ಕೊಡುವುದು ವೈದ್ಯರ ಹಕ್ಕು ಎಂದು ಕಲಿತು ಬಂದವರಿಗೆ ‘ಅನ್ನಿಸುತ್ತಿದೆ’ ಎನ್ನಲು ನಾಲಿಗೆ ಏಳುವುದಿಲ್ಲ, ಒಮ್ಮೆ ಹೇಳಿ ತಪ್ಪಾಗಿ ಬೈಸಿಕೊಂಡವರು ಎರಡನೇ ಸಲ ಹೇಳುವುದೂ ಇಲ್ಲ. ಕರೆದದ್ದು ವೃಥಾ ಆಯಿತೆಂದು ಗದರುವ ವೈದ್ಯರು ಮುಂದಿನ ಕರೆಯನ್ನು ತಾವೇ ತಡಮಾಡಿಕೊಂಡಿರುತ್ತಾರೆ.

ತರಬೇತಿಯಲ್ಲಿಯೂ ಈ ವಿವೇಚನೆಗೆ ಸಿಗುವ ಜಾಗ ಕಡಿಮೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಾಲ್ಕು ವರ್ಷದ ಬಿ.ಎಸ್ಸಿ. ಆಗಲಿ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಆಗಲಿ, ಉತ್ತರ ಬರೆಯುವ ಪರೀಕ್ಷೆಗೆ ಇರುವ ಮಹತ್ವ ಹಾಸಿಗೆಯ ಬದಿಯ ಕಲಿಕೆಗೆ ಸಿಗದ ಕಾಲೇಜುಗಳು, ಸ್ವಂತ ಆಸ್ಪತ್ರೆಯಿಲ್ಲದೆ ವಿದ್ಯಾರ್ಥಿಗಳನ್ನು ಬೇರೆಡೆಗೆ ಕಳಿಸಿ ಹಾಜರಿ ಬರೆಸುವ ಕಾಲೇಜುಗಳು ಇಲ್ಲದಿಲ್ಲ. ವಿಪರ್ಯಾಸವೆಂದರೆ ಅಮೆರಿಕದಲ್ಲಿ ಕೆಲಸ ಮಾಡಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಚಿಕಿತ್ಸಾ ವಿವೇಚನೆಯನ್ನೇ ನೇರವಾಗಿ ಅಳೆಯುವಂತೆ ಬದಲಾಗಿದೆ. ಗಂಟೆಗಂಟೆಗೂ ಬದಲಾಗುವ ರೋಗಿಯ ದಾಖಲೆಯನ್ನು ಮುಂದಿಟ್ಟು ಯಾವುದು ಮುಖ್ಯ, ಏನಾಗುತ್ತಿರಬಹುದು, ಮೊದಲು ಏನು ಮಾಡಬೇಕು ಎಂದು ಅದು ಕೇಳುತ್ತದೆ. ಇಲ್ಲಿ ಕಲಿತ ನರ್ಸ್‌ಗಳಲ್ಲಿ ಅನೇಕರು ಇಂಥ ಪ್ರಶ್ನೆಯನ್ನು ಮೊದಲ ಬಾರಿಗೆ ಎದುರಿಸುವುದು ದೇಶ ಬಿಡುವ ಸಿದ್ಧತೆಯಲ್ಲಿ.

ಭಾರತದ ಆಸ್ಪತ್ರೆಗಳಿಗೆ ಒಂದು ಅನುಕೂಲ ತಾನಾಗಿಯೇ ಒದಗಿದೆ, ಅದನ್ನು ಸರಿಯಾಗಿ ಬಳಸಿಕೊಂಡದ್ದು ಕಡಿಮೆ. ಇಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ಮನೆಯವರೊಬ್ಬರು ಇರುತ್ತಾರೆ, ಮತ್ತು ಈ ವ್ಯಕ್ತಿ ಎಂದಿನಂತಿಲ್ಲ ಎಂಬುದು ನರ್ಸ್‌ಗಿಂತ ಮೊದಲು ಅವರಿಗೆ ತಿಳಿಯಬಹುದು. ಇಂಗ್ಲೆಂಡಿನಲ್ಲಿ ಬಾಲಕಿಯೊಬ್ಬಳ ಸಾವಿನ ನಂತರ ಆಕೆಯ ಹೆತ್ತವರ ಒತ್ತಾಯದಿಂದ ‘ಮಾರ್ಥಾಳ ನಿಯಮ’ ಎಂಬುದು 2024ರಿಂದ ಜಾರಿಗೆ ಬರತೊಡಗಿದೆ; ರೋಗಿ ಹದಗೆಡುತ್ತಿದ್ದಾರೆ ಎನಿಸಿದರೆ ಮನೆಯವರೇ ಬೇರೊಂದು ವೈದ್ಯ ತಂಡದಿಂದ ತುರ್ತು ಪರಿಶೀಲನೆ ಕೇಳಬಹುದು ಎಂಬುದು ಅದರ ತಿರುಳು. ಇಲ್ಲಿ ಅಂಥ ನಿಯಮ ಬರುವವರೆಗೂ ಕಾಯಬೇಕಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಉಳಿಯುವವರು ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಎಂದು ಸಿಸ್ಟರ್ ಕೇಳಿದಾಗ ಅಂದಾಜಿನ ಉತ್ತರ ಕೊಡದೆ ಅಳತೆಯಿಟ್ಟು ಹೇಳಲಿ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಚೀಟಿ ಸಮೇತ ತೋರಿಸಲಿ. ಮಾತು ತೊದಲಿದರೆ, ಉಸಿರು ಬೇರೆಯಾದರೆ, ಸುಮ್ಮನಿದ್ದವರು ಚಡಪಡಿಸಿದರೆ ಅಥವಾ ಚಡಪಡಿಸುತ್ತಿದ್ದವರು ದಿಢೀರನೆ ಸುಮ್ಮನಾದರೆ, ಬೆಳಗಿನ ರೌಂಡ್ಸ್‌ವರೆಗೆ ಇಟ್ಟುಕೊಳ್ಳದೆ ಆ ಕ್ಷಣವೇ ಎದ್ದು ಹೋಗಿ, ಯಾವ ಹೊತ್ತಿನಿಂದ ಹೀಗಿದೆ ಎಂಬುದನ್ನೂ ಸೇರಿಸಿ, ಸಿಸ್ಟರ್‌ಗೆ ತಿಳಿಸಲಿ.